ಒಂದು ಗಂಟೆ ಮೊದಲೇ ಮುಳುಗಿದ ನಂಬರ್ ಹದಿನೇಳು

ನನಗೆ ಟೈ ಕಟ್ಟಿದ್ದರು.

ಕುತ್ತಿಗೆಗಲ್ಲ ಸ್ವಾಮಿ... ಮಣಿಕಟ್ಟಿಗೆ! ವೈರುಗಳನ್ನು ಕಂತೆ ಕಟ್ಟುತ್ತಾರಲ್ಲ, ಆ ಕರಿ ಪ್ಲಾಸ್ಟಿಕ್ ಟೈ. ಎರಡೂ ಕೈ ಬೆನ್ನ ಹಿಂದೆ. ಕೈಗಳ ನಡುವೆ ಒಂದು ಕಂಬ. ಕಂಬದ ಸುತ್ತ ಪೆಲ್ಲಾಬಿ ನದಿ. ಮಂಡಿಯೂರಿಸಿ ಕೂರಿಸಿದ್ದರು. ಏಳೋಣವೆಂದರೆ ಕೈಗಳ ಮೇಲೆ ಒಂದು ಅಡ್ಡಪಟ್ಟಿ.

ನೀರು ಹೊಕ್ಕುಳಿಗೆ ಬಂದಿತ್ತು. ಅದಕ್ಕೆ ಇನ್ನೂ ಮೇಲೆ ಬರುವ ಆಸೆ ಇತ್ತು.

ಎದುರಿಗೆ ಅಲ್ಯೂಮಿನಿಯಂ ದೋಣಿಯಲ್ಲಿ ಡ್ವೇನ್ ಕ್ರೌಥರ್. ತಿನ್ನುವ ಸಿಂಪಿ, ಅಂದರೆ ಆಯ್ಸ್ಟರ್, ಬೆಳೆಯುವವರ ಶೆಡ್ಡಿಗೆ ಬಂದ ಹೊಸ ಮ್ಯಾನೇಜರ್. ಇಸ್ತ್ರಿ ಹಾಕಿದ ಚಡ್ಡಿ, ಮೊಣಕಾಲವರೆಗೆ ಬಿಳಿ ಕಾಲುಚೀಲ.

"ಆರಾಮಾಗಿದೀಯಾ ಕುಳ್ಳಾ?"

ನಾನು ಆರಡಿ ನಾಲ್ಕಿಂಚು. ಅದಕ್ಕೇ ಕುಳ್ಳ. ನಮ್ಮ ಕಡೆ ಹಾಗೇ! ಬೋಳುತಲೆಯವನನ್ನು ಗುಂಗುರು ಅಂತೀವಿ, ಕೆಂಪುಗೂದಲಿನವನನ್ನು ನೀಲಿ ಅಂತೀವಿ. ಕ್ರೌಥರ್ ಬಂದು ಮೂರೇ ತಿಂಗಳು, ಅಡ್ಡಹೆಸರು ಇನ್ನೂ ಇಟ್ಟಿರಲಿಲ್ಲ. 'ಪ್ರಾಮಾಣಿಕ' ಅಂತ ಇಡಬಹುದಿತ್ತು.

"ನೀರು ಹಿತವಾಗಿದೆ" ಎಂದೆ. "ನೀವೂ ಬನ್ನಿ, ಕೂತ್ಕೊಳ್ಳಿ."

"ನಂಗೆ ಕೆಲಸ ಇದೆ ಗುರು. ಹನ್ನೊಂದಕ್ಕೆ ಲಾರಿ ಹೊರಡಬೇಕು." ಜೇಬಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದು ಬೆರಳಿಟ್ಟು ಓದಿದ. ಆಮೇಲೆ ಬಗ್ಗಿ, ದನಿ ತಗ್ಗಿಸಿದ. "ಹತ್ತು ಗಂಟೆ ಹತ್ತು ನಿಮಿಷಕ್ಕೆ ತುಂಬು ಉಬ್ಬರ. ಆಗ ಬಂದು ಟೈ ಬಿಚ್ತೀನಿ. ಪಾಪ ಕುಳ್ಳ, ಕಂಬ ಹತ್ತೋಕೆ ಹೋಗಿ ಜಾರಿ ಬಿದ್ದ ಅಂತ ಎಲ್ಲರೂ ಮೂಗು ಒರೆಸ್ಕೊಳ್ತಾರೆ. ನಾನೂ!"

ಆಚೆ ನನ್ನದೇ ಚಪ್ಪಟೆ ದೋಣಿಯಲ್ಲಿ ಅವನ ಬಂಟ ಇಲಿ ಕುಳಿತಿದ್ದ. ಇಲಿಯ ತೂಕ ನೂರಾ ನಲವತ್ತು ಕಿಲೋ. ಹೆಸರಿನ ಲೆಕ್ಕ ನಿಮಗೆ ಆಗಲೇ ಗೊತ್ತಾಯಿತಲ್ಲ?

"ಬಾಸ್, ಹೆದರಿಸಿದ್ದು ಸಾಕಲ್ವಾ?" ಇಲಿ ಕೂಗಿದ.

"ಇನ್ನೂ ಸ್ವಲ್ಪ ಹೆದರಲಿ ಕಣೋ!"

ಎರಡೂ ದೋಣಿ ಹೊರಟವು. ಆಗ ಒಂಬತ್ತು ಗಂಟೆ, ಡಿಸೆಂಬರ್ ಇಪ್ಪತ್ತಮೂರು. ಕ್ರಿಸ್‌ಮಸ್ಸಿಗೆ ಎರಡು ದಿನ. ನನಗೆ ಒಂದು ಗಂಟೆ ಹತ್ತು ನಿಮಿಷ.

ಹತ್ತು ಗಂಟೆ ಹತ್ತು ನಿಮಿಷ...?

ಮೂರು ದಿನದಿಂದ ನನ್ನ ತಲೆಯಲ್ಲಿ ಸಿಕ್ಕಿಕೊಂಡಿದ್ದ ಗಂಟು ಪಟ್ಟನೆ ಬಿಚ್ಚಿತು. ಕೈಯಲ್ಲಿದ್ದದ್ದು ಮಾತ್ರ ಹಾಗೇ ಇತ್ತು.

ಗಂಟು ಯಾವುದು ಅಂತೀರಾ? ಹೇಳ್ತೀನಿ. ಹೇಗೂ ಕೂತೇ ಇದ್ದೀನಿ.

ಮೂರು ದಿನದ ಹಿಂದೆ ಡಲ್ಸಿ ಹ್ಯಾನಾಫೋರ್ಡ್ ಫೋನ್ ಮಾಡಿದಳು. ಅರವತ್ತೆಂಟು ವರ್ಷ. ನಲವತ್ತೊಂದು ವರ್ಷದಿಂದ, ಸಮುದ್ರದ ಉಪ್ಪುನೀರು ನುಗ್ಗಿ ಬರುವ ಈ ನದಿಯಲ್ಲಿ ಸಿಂಪಿ ಬೆಳೆಯುತ್ತಾಳೆ. ನದಿಯ ಎಂಟು ಬೆಳೆಗಾರರ ಸಿಂಪಿಯೂ ಒಂದೇ ಶೆಡ್ಡಿಗೆ ಬಂದು, ಒಂದೇ ಲಾರಿಯಲ್ಲಿ ಸಿಡ್ನಿಗೆ ಹೋಗುತ್ತದೆ. ಚೀಲದ ಮೇಲೆ ಒಂದೇ ಮುದ್ರೆ: ಹ್ಯಾನಾಫೋರ್ಡ್. ಆ ಹೆಸರಿಗೆ ಹೋಟೆಲಿನವರು ಕಣ್ಣು ಮುಚ್ಚಿ ಬಾಯಿ ತೆರೆಯುತ್ತಾರೆ.

ನಾನು ಹೋದಾಗ ಡಲ್ಸಿ ಕಟ್ಟೆಯ ಮೇಲೆ ಕುಳಿತು ನದಿಗೆ ಬೆರಳದ್ದಿ ನೆಕ್ಕುತ್ತಿದ್ದಳು.

"ಸಪ್ಪೆ" ಎಂದಳು.

"ಏನು, ಜೀವನವಾ?"

"ನೀರು ಕಣೋ ಚಿನ್ನ! ಗುರುವಾರ ಮೇಲಿನ ಗುಡ್ಡದಲ್ಲಿ ಮಳೆ ಹೊಡೆದಿದೆ. ಸಿಹಿನೀರು ಇಳಿದು ಬಂದಿದೆ. ಅದರ ಜೊತೆ ಊರಿನ ಚರಂಡಿಯೂ ಬಂದಿರುತ್ತೆ. ಸಿಂಪಿ ಏನು, ಕೊಟ್ಟಿದ್ದನ್ನೆಲ್ಲಾ ಕುಡಿಯುತ್ತೆ. ಅದನ್ನ ಹಸಿಯಾಗಿ ತಿಂದವರು ಕ್ರಿಸ್‌ಮಸ್ಸನ್ನ ಕಕ್ಕಸಿನಲ್ಲಿ ಮಾಡ್ತಾರೆ!"

ಶೆಡ್ಡಿನ ಪರದೆ ಮಾತ್ರ ಬೇರೆ ಹೇಳುತ್ತಿತ್ತು. ಉಪ್ಪು ಮೂವತ್ತೆರಡು. ಹಸಿರು ದೀಪ. ಇಪ್ಪತ್ತಕ್ಕಿಂತ ಕೆಳಗಿಳಿದರೆ ಕೆಂಪು, ಕೊಯ್ಲು ಬಂದ್. ಮ್ಯಾನೇಜರ್ ಕ್ರೌಥರ್ ಪರದೆ ತೋರಿಸಿ, ನಾಲಿಗೆಯನ್ನು ನಂಬುತ್ತೀರೋ ಯಂತ್ರವನ್ನೋ ಎಂದು ಕೈ ಎತ್ತಿಸಿದ. ಏಳು ಕೈ ಯಂತ್ರಕ್ಕೆ. ಒಂದು ಕೈ ಡಲ್ಸಿಯದು, ಅದೂ ಒದ್ದೆ.

"ನನ್ನ ಹೆಸರು ತಿಂದು ಒಬ್ಬರು ವಾಂತಿ ಮಾಡ್ಕೊಂಡರೂ ನಾನು ಈ ನದಿಯಲ್ಲಿ ಇರಲ್ಲ ಕುಳ್ಳಾ" ಎಂದಳು. ತಮಾಷೆ ಇರಲಿಲ್ಲ ಆ ದನಿಯಲ್ಲಿ. "ಇಪ್ಪತ್ತಮೂರಕ್ಕೆ ಲಾರಿ. ಅಷ್ಟರೊಳಗೆ ಆ ಯಂತ್ರ ಸುಳ್ಳು ಅಂತ ತೋರಿಸು. ಇಲ್ಲಾ ನನ್ನ ನಾಲಿಗೆ ಸುಳ್ಳು ಅಂತ ತೋರಿಸು."

ನಾನು ನೌಕಾಪಡೆಯಲ್ಲಿ ಹನ್ನೆರಡು ವರ್ಷ ರೇಡಿಯೋ ನೋಡಿಕೊಂಡವನು. ಈಗ ಆಂಟೆನಾ ಇರುವ ಯಾವುದಕ್ಕೆ ಕಾಯಿಲೆಯಾದರೂ ನಾನೇ ಡಾಕ್ಟರ್. ಹಸುವಿನ ಕೊರಳಪಟ್ಟಿಯಿಂದ ಹವಾಮಾನದ ಗೋಪುರದವರೆಗೆ. ಇದರ ಜೊತೆ ಒಂದು ಕೆಟ್ಟ ಚಟ ಇದೆ, ಮಿಮಿಕ್ರಿ. ಕ್ಯಾಪ್ಟನ್ನರ ದನಿಯಲ್ಲಿ ಇಡೀ ಹಡಗಿಗೆ ರಜೆ ಘೋಷಿಸಿದ್ದಕ್ಕೇ ನೌಕಾಪಡೆ ನನ್ನನ್ನು ಪ್ರೀತಿಯಿಂದ ಮನೆಗೆ ಕಳಿಸಿದ್ದು.

ಈಗ ರೋಗಿಯ ಕತೆ ಕೇಳಿ.

ನದಿಯ ಉದ್ದಕ್ಕೂ ಸಿಂಪಿ ಬೆಳೆಯುವ ಅಟ್ಟಣೆಗಳು. ಅವುಗಳ ಕಂಬಗಳಲ್ಲಿ ನೀರಿನ ಉಪ್ಪು ಅಳೆಯುವ ಇಪ್ಪತ್ತನಾಲ್ಕು ಸೆನ್ಸರ್. ಒಂದೊಂದರ ದನಿಯೂ ಪಾಪ, ನೂರು ಮಾರು ದಾಟುವುದಿಲ್ಲ. ಹಾಗಾಗಿ ಒಂದು ತನ್ನ ಸುದ್ದಿಯನ್ನು ಪಕ್ಕದ್ದಕ್ಕೆ ಹೇಳುತ್ತದೆ, ಅದು ಮುಂದಿನದಕ್ಕೆ... ಹೀಗೆ ಕಿವಿಯಿಂದ ಕಿವಿಗೆ ದಾಟಿ ಶೆಡ್ಡಿನ ಪರದೆ ಸೇರುತ್ತದೆ. ಪಿಸುಮಾತಿನ ಸಾಲು ಅಂದುಕೊಳ್ಳಿ.

ತುಂಬು ಉಬ್ಬರದಲ್ಲಿ ಎಲ್ಲಾ ಆಂಟೆನಾ ಮುಳುಗುತ್ತವೆ. ನೀರೊಳಗೆ ರೇಡಿಯೋ ಮೂಗ. ಒಂದೂವರೆ ಗಂಟೆ ಸದ್ದಿಲ್ಲ. ನೀರಿಳಿದು ಎದ್ದಮೇಲೆ ದಾರಿಯನ್ನು ಹೊಸದಾಗಿ ಹುಡುಕುತ್ತವೆ. "ಶೆಡ್ಡಿಗೆ ಹತ್ತಿರದವರು ಯಾರಪ್ಪಾ?" ಎಂದು ಕೂಗುತ್ತವೆ. "ನಾನೇ ಹತ್ತಿರ, ನನ್ನ ಕೈಗೆ ಕೊಡಿ" ಎಂದು ಯಾರು ಮೊದಲು ಅಂದರೋ, ಎಲ್ಲರ ಸುದ್ದಿಯೂ ಅವರ ಕೈಗೆ.

ಮೊದಲು ಅನ್ನುತ್ತಿದ್ದದ್ದು ಯಾವಾಗಲೂ ನಂಬರ್ ಹದಿನೇಳು.

ಮಂತ್ರಿಗಳ ಆಪ್ತ ಕಾರ್ಯದರ್ಶಿಯನ್ನು ನೋಡಿದ್ದೀರಲ್ಲ? ಹದಿನೇಳು ಅದೇ ಜಾತಿ. ಒಳ್ಳೆಯ ಸುದ್ದಿ ದಾಟಿಸುತ್ತಿತ್ತು, ಕೆಟ್ಟ ಸುದ್ದಿ ನುಂಗುತ್ತಿತ್ತು! ಉಪ್ಪು ಕಡಿಮೆ ಎಂದ ಸೆನ್ಸರಿನ ಮಾತು ಅಲ್ಲೇ ಮಾಯ. ಮಾತು ಬಾರದಿದ್ದರೆ ಪರದೆ ಹಳೆಯ ಅಂಕಿಯನ್ನೇ ತೋರಿಸುತ್ತದೆ. ಮೂವತ್ತೆರಡು... ಹಸಿರು... ಜೈ!

ಅದು ಸೆನ್ಸರ್ ಅಲ್ಲ ಸ್ವಾಮಿ. ಸೆನ್ಸಾರ್!

ಅದರ ದಿನಚರಿ ತೆಗೆದು ನೋಡಿದೆ. ಅಕ್ಕಪಕ್ಕದವು ಮುಳುಗುವ ಒಂದು ಗಂಟೆ ಮೊದಲೇ ಮುಳುಗುತ್ತಿತ್ತು. ಒಂದು ಗಂಟೆ ಮೊದಲೇ ಏಳುತ್ತಿತ್ತು. ಅದೇ ನದಿ, ಅದೇ ನೀರು, ಅದೇ ಎತ್ತರ. ಇದೊಂದಕ್ಕೆ ಮಾತ್ರ ಪ್ರತ್ಯೇಕ ಸಮುದ್ರವೇ?

ಅಂದರೆ ಇದು ಮುಳುಗುತ್ತಲೇ ಇಲ್ಲ. ಮುಳುಗಿದಂತೆ ನಟಿಸುತ್ತಿದೆ! ಮಿಮಿಕ್ರಿ! ಒಬ್ಬ ಕಲಾವಿದನಾಗಿ ನನಗೆ ಮೆಚ್ಚುಗೆಯಾಯಿತು. ಆದರೆ ಸರಿಯಾಗಿ ಒಂದು ಗಂಟೆ ತಪ್ಪು ಯಾಕೆ? ಅದೇ ಗಂಟು.

ಇವತ್ತು ಬೆಳಗ್ಗೆ ನೋಡಲು ಬಂದೆ. ಹದಿನೇಳರ ಕಂಬದಲ್ಲಿ ಹದಿನೇಳು ಇಲ್ಲ! ಕಿತ್ತ ಸ್ಕ್ರೂಗಳ ತೂತು ಮಾತ್ರ. ಪಕ್ಕದಲ್ಲಿ ದೋಣಿಗಳಿಗೆ ದಾರಿ ತೋರಿಸುವ ಎತ್ತರದ ಕೆಂಪು ಕಂಬ. ಅದರ ನೆತ್ತಿಯಲ್ಲಿ, ಯಾವ ಉಬ್ಬರವೂ ಮುಟ್ಟದ ಕಡೆ, ಒಂದು ಪೆಟ್ಟಿಗೆ ಕಣ್ಣು ಮಿಟುಕಿಸುತ್ತಿತ್ತು. ಹತ್ತಿ ಕೈ ಹಾಕಿದೆ. ಕೆಳಗಿನಿಂದ ಇಲಿ ಕಾಲು ಹಿಡಿದೆಳೆದ.

ಆಮೇಲಿನದು ನಿಮಗೆ ಗೊತ್ತು. ಟೈ.

ಈಗ ಆ ಹತ್ತು ಗಂಟೆ ಹತ್ತು ನಿಮಿಷ. ಕ್ರೌಥರ್ ಓದಿದ ಕ್ಯಾಲೆಂಡರ್ ನಮ್ಮೂರ ಗಾಳದ ಅಂಗಡಿಯವರು ಹಂಚುವುದು. ವರ್ಷಕ್ಕೊಮ್ಮೆ ಅಚ್ಚು. ನಮ್ಮಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಸಂಜೆಯ ಬೆಳಕು ಹೆಚ್ಚು ಸಿಗಲೆಂದು ಬೇಸಿಗೆಯಲ್ಲಿ ನಾವು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತೇವಲ್ಲ, ಅದು ಕ್ಯಾಲೆಂಡರಿಗೆ ಗೊತ್ತಿಲ್ಲ. ಇಲ್ಲಿನ ಮಕ್ಕಳೂ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಉಬ್ಬರದ ಹೊತ್ತಿಗೆ ಒಂದು ಗಂಟೆ ಕೂಡಿಸಿಕೊಂಡೇ ಓದುತ್ತವೆ. ಯಾರೂ ಯಾರಿಗೂ ಹೇಳುವುದಿಲ್ಲ. ಉಸಿರಾಡು ಅಂತ ಯಾರಾದರೂ ಹೇಳಿಕೊಡ್ತಾರಾ?

ಕ್ರೌಥರ್ ಪಕ್ಕದ ರಾಜ್ಯ ಕ್ವೀನ್ಸ್‌ಲ್ಯಾಂಡಿನವನು. ಅಲ್ಲಿ ಗಡಿಯಾರ ಮುಟ್ಟುವುದಿಲ್ಲ. ಮುಟ್ಟಿದರೆ ಬಿಸಿಲು ಒಂದು ಗಂಟೆ ಹೆಚ್ಚಾಗಿ ಕಿಟಕಿಯ ಬಟ್ಟೆಗಳ ಬಣ್ಣ ಹೋಗುತ್ತದಂತೆ! ಹಸುಗಳು ಗೊಂದಲಕ್ಕೆ ಬೀಳುತ್ತವಂತೆ!

ಕ್ಯಾಲೆಂಡರ್ ನೋಡಿ ಪೆಟ್ಟಿಗೆಗೆ ನಟನೆ ಕಲಿಸಿದವನೂ ಅವನೇ. ಅದೇ ಕ್ಯಾಲೆಂಡರ್ ನೋಡಿ ನನ್ನನ್ನು ಕೊಲ್ಲಲು ಹೊರಟವನೂ ಅವನೇ.

ನಿಜವಾದ ತುಂಬು ಉಬ್ಬರ ಹನ್ನೊಂದು ಹತ್ತಕ್ಕೆ. ಒಂದು ಗಂಟೆ ಆಯುಷ್ಯ ಉಚಿತ!

ತಲೆ ಎತ್ತಿ ನೋಡಿದೆ. ಒಂಬತ್ತು ಇಪ್ಪತ್ತೈದರ ಹೊತ್ತಿಗೆ ಕೆಂಪು ಕಂಬದ ಪೆಟ್ಟಿಗೆ ಕಣ್ಣು ಮುಚ್ಚಿತು. ನೀರಿನಿಂದ ಮೂರಾಳು ಎತ್ತರದಲ್ಲಿ ಕೂತು ಮುಳುಗಿಹೋಯಿತು, ಪಾಪ.

ಕೆಲಸಕ್ಕಿಳಿದೆ. ಈ ಕಂಬಗಳ ಮೈತುಂಬಾ ಕಾಡುಸಿಂಪಿ ಅಂಟಿರುತ್ತವೆ. ಅಂಚು ಬ್ಲೇಡು! ಟೈಯನ್ನು ಅದರ ಮೇಲೆ ಉಜ್ಜಿದೆ. ಮೊದಲು ಚರ್ಮ ಹೋಯಿತು. ಆಮೇಲೆ ಇನ್ನಷ್ಟು ಚರ್ಮ. ಪ್ಲಾಸ್ಟಿಕ್ಕಿಗೆ ಅವಸರವೇ ಇರಲಿಲ್ಲ.

ನೀರು ಎದೆಗೆ ಬಂತು.

ಉಜ್ಜಿದೆ.

ಹೆಗಲಿಗೆ ಬಂತು...

ಬೈಗುಳ ನಾಲ್ಕು ಭಾಷೆಯದ್ದು ಬಳಸಿದೆ. ಇಟಾಲಿಯನ್ನಿಗೆ ಬಂದಾಗ... ಪಟ್!

ಟೈ ಬಿಚ್ಚಿತು. ಅದೇ ಹೊತ್ತಿಗೆ ಎರಡೂ ದೋಣಿಗಳ ಮೋಟಾರಿನ ಸದ್ದು. ಹತ್ತು ಹತ್ತು. ಕ್ರೌಥರ್ ಸಮಯಪಾಲಕ, ತಪ್ಪು ಸಮಯದ್ದೇ ಆದರೂ!

ಓಡಲು ಜಾಗವಿಲ್ಲ. ನೀರು ಗಲ್ಲಕ್ಕಿತ್ತು. ಕೈಗಳನ್ನು ಹಿಂದೆಯೇ ಬಿಟ್ಟು, ಮುಖವನ್ನು ನೀರಿಗೆ ಚೆಲ್ಲಿದೆ. ನನ್ನ ಜೀವಮಾನದ ಅತ್ಯುತ್ತಮ ಮಿಮಿಕ್ರಿ ಅದು.

ಹೆಣ!

"ಹೋದನಾ?" ಕ್ರೌಥರನ ದನಿ. "ನೀರು ಯಾಕೋ ಕಡಿಮೆ ಬಂದಂಗಿದೆಯಲ್ಲಾ..."

"ಬಾಸ್... ಅಲ್ಲಾಡ್ತಾನೇ ಇಲ್ಲ ಬಾಸ್!" ಇಲಿಯ ದನಿ ಕೀರಲಾಯಿತು. "ಬರೀ ಹೆದರಿಸೋದು ಅಂದ್ರಿ!"

"ಬಾಯಿ ಮುಚ್ಚು! ಕತ್ತರಿ ಕೊಡು."

ದೋಣಿ ನನ್ನ ಭುಜಕ್ಕೆ ತಾಗಿತು. ಅವನು ಬಗ್ಗಿದ. ಅವನ ಬಿಸಿ ಉಸಿರು ಕತ್ತಿನ ಮೇಲೆ.

ಹೆಣ ಎದ್ದಿತು!

ಕಾಲರ್ ಹಿಡಿದೆಳೆದೆ. ಇಸ್ತ್ರಿ ಚಡ್ಡಿ ಸಮೇತ ಅವನು ನೀರಿಗೆ. ಕತ್ತರಿ ಬೀಸಿದ. ಮುಂಗೈ ಗೀರಿತು. ಮುಖಕ್ಕೊಂದು ಕೊಟ್ಟೆ. ಅವನು ಇನ್ನೊಂದು ಕೇಳಲಿಲ್ಲ. ನನ್ನ ಹೊಟ್ಟೆಗೆ ಒದ್ದು, ಹಲ್ಲಿಯಂತೆ ತನ್ನ ದೋಣಿ ಹತ್ತಿ ಮೋಟಾರ್ ಎಬ್ಬಿಸಿದ.

ನಾನು ನನ್ನ ದೋಣಿಯ ಅಂಚು ಹಿಡಿದೆ. ಒಳಗಡೆ ನೂರಾ ನಲವತ್ತು ಕಿಲೋ ಇಲಿ.

"ಇಲಿ... ಹೊಡೀತೀಯಾ, ಕೈ ಕೊಡ್ತೀಯಾ?"

ಇಲಿ ಕಣ್ಣೊರೆಸಿಕೊಂಡು ಕೈ ಕೊಟ್ಟ. "ಕಂಬ ಹತ್ತಿ ಪೆಟ್ಟಿಗೆಗೆ ಮೊಳೆ ಹೊಡಿ ಅಂದ್ರು, ಹೊಡೆದೆ. ಹಿಡ್ಕೋ ಅಂದ್ರು, ಹಿಡ್ಕೊಂಡೆ. ನೀನು ಸಾಯೋದು ಪ್ಲಾನಲ್ಲಿ ಇರಲಿಲ್ಲ ಕುಳ್ಳಾ!"

"ನನ್ನ ಪ್ಲಾನಲ್ಲೂ ಇರಲಿಲ್ಲ. ಆ ಕಂಬಕ್ಕೆ ನಡಿ!"

ಕೆಂಪು ಕಂಬ ಹತ್ತಿ ಹದಿನೇಳನ್ನು ಕಿತ್ತುಕೊಂಡೆ. ತಿರುಗಿ ನೋಡಿದರೆ ಕ್ರೌಥರ್ ಶೆಡ್ಡಿನ ಕಡೆಗೆ ಹಾರುತ್ತಿದ್ದಾನೆ. ಸಾಲುಗಳ ನಡುವಿನ ಓಣಿ ಬಿಟ್ಟು, ನೇರ ಅಟ್ಟಣೆಗಳ ಮೇಲಿಂದ! ತುಂಬು ಉಬ್ಬರದಲ್ಲಿ ಹಾಗೆ ಹೋಗಬಹುದು. ಎಲ್ಲರೂ ಹೋಗುತ್ತಾರೆ.

ತುಂಬು ಉಬ್ಬರದಲ್ಲಿ!

ಇಲಿ ಎದ್ದುನಿಂತು ಎರಡೂ ಕೈ ಬೀಸಿದ. "ಬಾಸ್! ಮೇಲಿಂದ ಬೇಡ! ಇನ್ನೂ ಒಂದು ಗಂಟೆ ಇದೆ!"

"ಏನು ಒಂದು ಗಂಟೆ? ಹತ್ತು ಹತ್ತು ಅಂತ ಬರೆದಿದೆಯಲ್ಲೋ!"

"ಬೇಸಿಗೆ ಅಲ್ವಾ ಬಾಸ್? ಒಂದು ಸೇರಿಸ್ಬೇಕು!"

"ಮೊದಲೇ ಯಾಕೆ ಹೇಳ..."

ಧಡ್!

ದೋಣಿ ಅಟ್ಟಣೆಗೆ ಬಡಿದು ನಿಂತಿತು. ಅಲ್ಯೂಮಿನಿಯಂ ಹರಿಯುವ ಸದ್ದು ಕೇಳಿದ್ದೀರಾ? ಶಾಲೆಯ ಕರಿಹಲಗೆಯ ಮೇಲೆ ಉಗುರು ಎಳೆದ ಹಾಗೆ. ನನಗೆ ಸಂಗೀತದಂತಿತ್ತು.

"ನೀವು ಕೇಳಲಿಲ್ಲ ಬಾಸ್" ಎಂದ ಇಲಿ, ತನ್ನಷ್ಟಕ್ಕೆ.

ಆದರೆ ಕ್ರೌಥರ್ ರೇಡಿಯೋ ಎತ್ತಿದ. ನನ್ನ ದೋಣಿಯ ರೇಡಿಯೋದಲ್ಲೂ ಕೇಳಿಸಿತು.

"ಸ್ಪೈರೋ! ಕ್ರೌಥರ್ ಮಾತಾಡ್ತಿರೋದು. ಹನ್ನೊಂದರವರೆಗೆ ಕಾಯಬೇಡ. ಈಗಲೇ ಹೊರಡು!"

ಸ್ಪೈರೋ ಲಾರಿಯ ಡ್ರೈವರ್. ಗ್ರೀಕ್ ಮನುಷ್ಯ, ಇಪ್ಪತ್ತು ವರ್ಷದಿಂದ ಈ ದಾರಿ. "ಸರಿ ಬಾಸ್" ಎಂದ. ಬಾಯಲ್ಲಿ ಮಾಂಸದ ಪೈ ಇತ್ತು ಅನ್ನಿಸುತ್ತದೆ. ಎಂಜಿನ್ ಗುರ್ರೆಂದಿತು. ಆರುನೂರು ಡಜನ್ ಸಿಂಪಿ. ಒಂದೊಂದು ಚೀಲದ ಮೇಲೂ ಡಲ್ಸಿಯ ಹೆಸರು.

ಶೆಡ್ಡು ಹತ್ತು ನಿಮಿಷದ ದಾರಿ. ಲಾರಿಗೆ ಗೇಟು ಒಂದೇ ನಿಮಿಷ.

ಮೈಕ್ ಎತ್ತಿಕೊಂಡೆ. ಮೂಗು ಸ್ವಲ್ಪ ಹಿಂಡಿದೆ. ಮಾತಿನ ಕೊನೆಯನ್ನು ಬಾಲದಂತೆ ಮೇಲಕ್ಕೆತ್ತಿದೆ.

"ಸ್ಪೈರೋ ಗುರು, ಕ್ರೌಥರ್ ಮಾತಾಡ್ತಿರೋದು. ನಿಲ್ಲಿಸು. ಮನಸ್ಸು ಬದಲಾಯ್ತು."

"ಯಾವನೋ ಅವನು? ಸ್ಪೈರೋ, ಹೊರಡು! ನಾನು ಕ್ರೌಥರ್!"

"ನಾನೂ ಕ್ರೌಥರ್! ಅವನು ಕಳ್ಳ!"

"ಅವನು ಕಳ್ಳ ಅಲ್ಲ, ಕುಳ್ಳ! ಕುಳ್ಳ!"

"ನೋಡಿದೆಯಾ ಸ್ಪೈರೋ, ನನ್ನನ್ನೇ ಕುಳ್ಳ ಅಂತಾನೆ. ನನ್ನ ಎತ್ತರದ ಬಗ್ಗೆ ಮಾತಾಡೋ ಹಕ್ಕು ಯಾರು ಕೊಟ್ಟರು?"

ರೇಡಿಯೋದಲ್ಲಿ ಗೊರಗೊರ. ಸ್ಪೈರೋ ಪೈ ನುಂಗಿದ್ದು ಕೇಳಿಸಿತು.

"ಅಯ್ಯೋ ದೇವರೇ, ಒಬ್ಬ ಮ್ಯಾನೇಜರನ್ನೇ ಸಹಿಸೋಕಾಗ್ತಿರಲಿಲ್ಲ, ಈಗ ಇಬ್ಬರು! ಇಬ್ಬರ ಮಾತೂ ಬೇಡ. ನಾನು ಪಕ್ಕದವರನ್ನ ಕೇಳ್ತೀನಿ. ಡಲ್ಸೀ... ಹೋಗಲಾ, ಇರಲಾ?"

ಮೈಕ್ ಕೈ ಬದಲಾದ ಸದ್ದು.

"ಎಂಜಿನ್ ಆರಿಸಿ ಕೆಳಗಿಳಿ ಚಿನ್ನ" ಎಂದಿತು ಡಲ್ಸಿಯ ದನಿ. "ಚಹಾ ಹಾಕ್ತೀನಿ."

ಆ ದನಿ ನನ್ನದಲ್ಲ ಸ್ವಾಮಿ. ಆಣೆ!

ಎಂಜಿನ್ ಆರಿತು.

ಆ ಡ್ರೈವರನ ತಲೆಗೆ ಹೊಳೆದದ್ದು ಇಪ್ಪತ್ತನಾಲ್ಕು ಚಿಪ್ಪುಗಳ... ಕ್ಷಮಿಸಿ, ಚಿಪ್ಪುಗಳ ನಡುವಿನ ಇಪ್ಪತ್ತನಾಲ್ಕು ಚಿಪ್‌ಗಳ ತಲೆಗೆ ಹೊಳೆದಿರಲಿಲ್ಲ ನೋಡಿ. ನಾನೇ ಹತ್ತಿರದವನು ಅಂತ ಬಂದವನನ್ನು ನಂಬಬೇಡ. ಪಕ್ಕದ ಮನೆಯವರನ್ನು ವಿಚಾರಿಸು. ಹೆಣ್ಣು ಕೊಡುವಾಗ ಮಾಡುವುದಿಲ್ಲವೇ?

ಶೆಡ್ಡಿಗೆ ಹೋದಾಗ ಏಳು ಬೆಳೆಗಾರರು ಕೆಂಡವಾಗಿದ್ದರು. ಮುಂದೆ ನಿಂತವನು ಮುದುಕ ಆಬ್ರಿ ಪೆಂಗೆಲ್ಲಿ.

"ಏನು ನಾಟಕ ಇದು? ಕ್ರಿಸ್‌ಮಸ್ ಮಾಲು ಬಿಸಿಲಲ್ಲಿ ಕೊಳೀತಿದೆ. ಪರದೆ ಹಸಿರು ಇದೆ, ಕಣ್ಣು ಕಾಣಲ್ವಾ?"

"ಕಾಣುತ್ತೆ" ಎಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ. "ಇದು ನಿಮ್ಮ ಹದಿನೇಳು. ನೀರು ಕಂಡೇ ಇಲ್ಲ. ತಳ ನೋಡಿ, ಒಂದು ಚೂರು ಪಾಚಿ ಇದೆಯಾ? ಇನ್ನು ನಿಮ್ಮ ಸೆನ್ಸರ್‌ಗಳು ಈಗ ಮುಳುಗಿವೆ. ಐದು ನಿಮಿಷ ಕಮ್ಮಿ ಹನ್ನೆರಡಕ್ಕೆ ಏಳುತ್ತವೆ. ಈ ಸಲ ದಾರಿ ತಪ್ಪಿಸೋಕೆ ಇದು ಅಲ್ಲಿಲ್ಲ. ಆಗಲೂ ಹಸಿರೇ ಇದ್ದರೆ ಲಾರಿ ಬಿಡಿ. ಡಲ್ಸಿ ನಾಲಿಗೆಯನ್ನ ನಾನೇ ಮ್ಯೂಸಿಯಮ್ಮಿಗೆ ಕೊಡ್ತೀನಿ."

"ಮುಚ್ಚೋ!" ಎಂದಳು ಡಲ್ಸಿ. ಆದರೆ ಕೈಯಲ್ಲಿದ್ದ ಚಹಾ ಕಪ್ಪಿಗೆ ಇನ್ನೂ ಬಾಯಿ ಹಚ್ಚಿರಲಿಲ್ಲ.

ಕಾದೆವು. ಇಲಿ ಮೂಲೆಯಲ್ಲಿ ಕೂತು ಕೇಳಿದವರಿಗೆಲ್ಲಾ ಎಲ್ಲವನ್ನೂ ಹೇಳಿದ. ಕೇಳದವರಿಗೂ ಹೇಳಿದ. ನದಿಯ ಹೆಸರು ಕೆಡಿಸಿ, ಆರು ತಿಂಗಳು ಬಂದ್ ಮಾಡಿಸಿ, ಸೋತು ಕೂತ ಬೆಳೆಗಾರರಿಂದ ಅಟ್ಟಣೆಗಳನ್ನೆಲ್ಲಾ ಬಾಚಿಕೊಳ್ಳಲು ಯಾವುದೋ ಕಂಪನಿ ಕಾದಿತ್ತಂತೆ. ಕ್ರೌಥರ್ ಅದರ ಮನುಷ್ಯ. ಆಬ್ರಿಯ ಬಣ್ಣ ಮೆಲ್ಲಗೆ ಇಳಿಯಿತು, ನೀರಿನ ಜೊತೆ.

ನಡುವೆ ರೇಡಿಯೋ ಅರಚಿತು. ಕ್ರೌಥರ್ ಹರಿದ ದೋಣಿ ಬಿಟ್ಟು ಅಟ್ಟಣೆ ಹತ್ತಿ, ಒಂದು ಕೈಯಲ್ಲಿ ರೇಡಿಯೋ, ಇನ್ನೊಂದರಲ್ಲಿ ಕಂಬ ತಬ್ಬಿಕೊಂಡಿದ್ದ.

"ಯಾರಾದ್ರೂ ಬನ್ನಿ! ನೀರು ಏರ್ತಾ ಇದೆ!"

"ಸಾಧ್ಯವೇ ಇಲ್ಲ ಸಾರ್" ಎಂದೆ. "ನಿಮ್ಮ ಕ್ಯಾಲೆಂಡರ್ ಪ್ರಕಾರ ಇಳೀತಾ ಇದೆ."

ಅಟ್ಟಣೆಯ ಮೇಲೆ ನಿಂತವನಿಗೆ ಎದೆಮಟ್ಟ ಮೀರುವುದಿಲ್ಲ. ಲೆಕ್ಕ ಹಾಕಿದ್ದೆ. ಹೇಳಲು ಮರೆತೆ.

ಹನ್ನೊಂದು ಐವತ್ತೈದು. ಎಲ್ಲರ ಕಣ್ಣೂ ಪರದೆಯ ಮೇಲೆ. ಹಸಿರು. ಮೂವತ್ತೆರಡು.

ಐವತ್ತಾರು. ಹಸಿರು.

"ಸರಿ, ಲಾರಿ..." ಆಬ್ರಿ ಬಾಯಿ ತೆರೆದ.

ಟಿಣ್!

ನಂಬರ್ ಒಂಬತ್ತು ಎದ್ದಿತು. ಉಪ್ಪು ಹನ್ನೊಂದು.

ಟಿಣ್! ನಂಬರ್ ನಾಲ್ಕು. ಉಪ್ಪು ಎಂಟು.

ಟಿಣ್! ಟಿಣ್! ಟಿಣ್! ಮೂರು ದಿನ ಬಾಯಿ ಕಟ್ಟಿಸಿಕೊಂಡಿದ್ದವು ಒಟ್ಟಿಗೆ ಮಾತಾಡಿದವು. ಒಂಬತ್ತು, ಏಳು, ಹತ್ತು... ಪರದೆ ಕೆಂಪಾಯಿತು. ಏಳು ಮುಖಗಳೂ.

ಡಲ್ಸಿ ಕಪ್ಪು ಕೆಳಗಿಟ್ಟಳು. ಯಾರನ್ನೂ ನೋಡದೆ ಹೋಗಿ, ಲಾರಿಯ ಮೊದಲ ಚೀಲವನ್ನು ತಾನೇ ಇಳಿಸಿದಳು. ಅವಳ ಹಿಂದೆ ಆಬ್ರಿ. ಅವನ ಹಿಂದೆ ಉಳಿದವರು. ಆರುನೂರು ಡಜನ್ ಹೂಳಲು ಮಧ್ಯಾಹ್ನವೆಲ್ಲಾ ಹಿಡಿಯಿತು. ಸ್ಪೈರೋ ಮಾತ್ರ ಅತ್ತ, ಅವನಿಗೆ ಸಿಂಪಿ ಇಷ್ಟ.

ಸಂಜೆಯೊಳಗೆ ಹೊಸ ಕಾಯಿದೆ ಬರೆದೆ. ಇನ್ನು ಮೇಲೆ ಯಾವ ಸೆನ್ಸರ್ ಎದ್ದು "ನಾನೇ ಹತ್ತಿರ" ಅಂದರೂ, ಅಕ್ಕಪಕ್ಕದ ಎರಡು ಸಾಕ್ಷಿ ಹೇಳಬೇಕು: "ಹೌದು, ಇವನೂ ನಮ್ಮ ಜೊತೆಗೇ ಮುಳುಗಿದ್ದ, ನಮ್ಮ ಜೊತೆಗೇ ಎದ್ದ." ಸಾಕ್ಷಿ ಇಲ್ಲದವನಿಗೆ ಸುದ್ದಿ ಇಲ್ಲ. ಸುದ್ದಿ ಬಾರದಿದ್ದರೆ ಪರದೆ ಹಸಿರಲ್ಲ, ಕೆಂಪು. ಜೊತೆಯಲ್ಲಿ ಮುಳುಗದವನನ್ನು ನಂಬಬಾರದು ಅನ್ನುವುದು ಆ ನದಿಯವರಿಗೆ ಹೊಸ ಮಾತೇನಲ್ಲ.

"ನಿನಗೇನು ಕೊಡಲಿ ಕುಳ್ಳಾ?" ಎಂದಳು ಡಲ್ಸಿ.

"ಉಪ್ಪು ಸರಿಯಾದ ದಿನ ಒಂದು ಡಜನ್. ನಿನ್ನ ನಾಲಿಗೆ ಒಪ್ಪಿದ ಮೇಲೆ."

ಕ್ರೌಥರನನ್ನು ಪೊಲೀಸ್ ದೋಣಿ ಬಿಡಿಸಿ ತಂದಿತು. ಬಿಡಿಸಿದ್ದು ಅಂದರೆ ನಿಜಕ್ಕೂ ಬಿಡಿಸಿದ್ದು. ಕಂಬವನ್ನು ಅಷ್ಟು ಗಟ್ಟಿಯಾಗಿ ತಬ್ಬಿದ್ದ. ಆಸ್ಪತ್ರೆಯಲ್ಲಿ ನರ್ಸಮ್ಮ ಚಿಮಟ ಹಿಡಿದು ಎರಡು ಗಂಟೆ ಅವನ ಅಂಗೈಯಿಂದ ಚೂರುಗಳನ್ನು ಹೆಕ್ಕಿದಳಂತೆ.

ಇಡೀ ನದಿಯನ್ನೇ ನುಂಗಲು ಬಂದವನ ಕೈಗೆ ಕೊನೆಗೂ ಸಿಕ್ಕಿದ್ದು ಏನು ಹೇಳಿ?

ಚಿಪ್ಪು!